ಹೂದೋಟ: ಎರಡು ಕಣಗಿಲೆಗಳು

ಕಳೆದ ವಾರ ನೆರೆಮನೆಯ ಮಗುವೊಂದು ನಮ್ಮ ಬೇಲಿಯ ಗಿಡದಿಂದ ಹಸಿರು ಕಾಯೊಂದನ್ನು ಕಿತ್ತುಕೊಂಡು ಆಡುತ್ತಿದ್ದಿತು. ನಾನು ಗಾಬರಿಯಿಂದ ಅದನ್ನು ಕಸಿದುಕೊಂಡಾಗ ಮಗುವಿನ ಅಜ್ಜಿ, "ಬಿಡಿಯಪ್ಪ, ಅದು ಕಣಗಿಲೆಯ ಕಾಯಲ್ಲ. ಕಣಗಿಲೆಗೆ ಉದ್ದನೆಯ ಕೋಡು ಬರುತ್ತದೆ" ಎಂದರು. ಅವರ ಮಾತು ಅರ್ಧ ನಿಜ, ಅಪಾಯವಿರುವುದು ಉಳಿದರ್ಧದಲ್ಲಿ. ಅದು ಹಳದಿ ಕಣಗಿಲೆಯ ಕಾಯಿ.

ಇವೆರಡೂ ಒಂದೇ ಕುಟುಂಬಕ್ಕೆ ಸೇರಿದರೂ ತವರು ಬೇರೆ. ಸಂಸ್ಕೃತದಲ್ಲಿ ಕರವೀರವೆನಿಸಿದ ಕಣಗಿಲೆಯು ಮೆಡಿಟರೇನಿಯನ್ ತೀರದಿಂದ ಏಷ್ಯದವರೆಗೆ ಹಬ್ಬಿದ ಗಿಡ. ಹಳದಿ ಕಣಗಿಲೆಯಾದರೋ ಮೆಕ್ಸಿಕೊ, ಮಧ್ಯ ಅಮೆರಿಕಗಳ ಕಡೆಯಿಂದ ಬಂದ ಅತಿಥಿ. 1753ರಲ್ಲಿ ಲಿನೇಯಸನು ಇವೆರಡನ್ನೂ ಹೆಸರಿಸಿದಾಗಲೇ ಬೇರೆ ಬೇರೆ ಕುಲಗಳಲ್ಲಿರಿಸಿದ್ದನು.

ಬಣ್ಣವೊಂದನ್ನೇ ನಂಬಬೇಡಿ. ಕಣಗಿಲೆಯಲ್ಲಿ ಬಿಳಿ, ಗುಲಾಬಿ, ಕೆಂಪುಗಳಲ್ಲದೆ ತಿಳಿ ಹಳದಿಯ ತಳಿಗಳೂ ಉಂಟು. ಹಳದಿ ಕಣಗಿಲೆಯಲ್ಲಿ ಬಿಳಿಯ ಹೂ ಬಿಡುವುವೂ ಉಂಟು. ಮೊದಲು ಎಲೆಯನ್ನು ನೋಡಿ. ಕಣಗಿಲೆಯಲ್ಲಿ ಸಾಮಾನ್ಯವಾಗಿ ಒಂದೊಂದು ಗಿಣ್ಣಿನಲ್ಲಿ ಮೂರು ಎಲೆಗಳು ಸುತ್ತಲೂ ನಿಂತಿರುತ್ತವೆ. ಅವು ತೊಗಲಿನಂತೆ ದಪ್ಪ. ಹಳದಿ ಕಣಗಿಲೆಯಲ್ಲಿ ಎಲೆಗಳು ಒಂದೊಂದಾಗಿ ಹುಟ್ಟುತ್ತವೆ. ಅವು ಕಿರಿದಾಗಿ, ಹೊಳಪಾಗಿರುತ್ತವೆ. ಮುರಿದರೆ ಬಿಳಿಯ ಹಾಲು ಧಾರಾಳವಾಗಿ ಒಸರುತ್ತದೆ. ಕಣಗಿಲೆಯ ಹೂ ಅಗಲವಾಗಿ ಅರಳಿ, ಕಂಠದಲ್ಲಿ ಅಂಚು ಹರಿದ ಜಾಲರಿಯನ್ನು ತೋರುತ್ತದೆ; ಇನ್ನೊಂದರ ಹೂ ಆಲಿಕೆಯಂತೆ ಅರೆಬಿರಿದೇ ಇರುತ್ತದೆ. ಕಣಗಿಲೆಯ ಕೋಡು ಒಣಗಿ ಸೀಳಿದಾಗ ರೋಮವುಳ್ಳ ಬೀಜಗಳು ಗಾಳಿಗೆ ಹಾರುತ್ತವೆ. ಹಳದಿಯದರ ಕಾಯಿ ಗಿಡ್ಡ, ತಿರುಳುಳ್ಳದ್ದು, ಮಾಗಿದಾಗ ಕಪ್ಪಾಗುತ್ತದೆ. ಒಳಗಿನ ಗಟ್ಟಿ ಓಟೆಯಲ್ಲಿ ಬೀಜಗಳಿರುತ್ತವೆ.

ಇಷ್ಟೆಲ್ಲ ಭೇದವಿದ್ದರೂ ಒಂದು ವಿಷಯದಲ್ಲಿ ಎರಡೂ ಸಮಾನ. ಎರಡರ ಎಲ್ಲ ಭಾಗಗಳಲ್ಲಿಯೂ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ಒಣಗಿದ ಎಲೆಯಲ್ಲಿಯೂ ಅದು ನಾಶವಾಗುವುದಿಲ್ಲ. ಆದ್ದರಿಂದ ಸವರಿದ ರೆಂಬೆಗಳನ್ನು ದನಕರುಗಳಿಗೆ ಸಿಗುವಂತೆ ಎಸೆಯಬಾರದು, ಒಲೆಗೂ ಹಾಕಬಾರದು. ಮಗುವೇನಾದರೂ ತಿಂದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ, ಗಿಡದ ರೆಂಬೆಯೊಂದನ್ನು ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ಹಾಗೆಂದು ಗಿಡವನ್ನು ಕಡಿಯಬೇಕಾಗಿಲ್ಲ. ನೀರು ಕಡಮೆಯಿದ್ದರೂ ಬಹುಕಾಲ ಹೂ ಕೊಡುವ ಗಿಡಗಳಿವು. ಮಕ್ಕಳು ಆಡುವ ಜಾಗದಿಂದ ದೂರ ನೆಡಿ. ಸವರಿದ ಮೇಲೆ ಕೈ ತೊಳೆಯಿರಿ. ಆ ಮಗು ಕಾಯನ್ನು ಬಾಯಿಗೆ ಹಾಕಿರಲಿಲ್ಲ, ನಮ್ಮ ಪುಣ್ಯ. ಈಗ ಪ್ರತಿದಿನ ಬೆಳಿಗ್ಗೆ ಬೇಲಿಯ ಬುಡದಲ್ಲಿ ಉದುರಿದ ಕಾಯಿಗಳನ್ನು ಆಯುವುದು ನನ್ನ ಮೊದಲ ಕೆಲಸ.