ಸರ್ವರಿನ ಪ್ರೊಸೆಸರೂ ಲ್ಯಾಪ್‌ಟಾಪಿನ ಪ್ರೊಸೆಸರೂ

ಸರ್ವರ್ ಎಂಬ ಶಬ್ದವು ನಮ್ಮ ನಗರದಲ್ಲಿ ಬಹುಕಾಲ ಹೋಟೆಲಿಗೆ ಸೇರಿದುದಾಗಿತ್ತು. ಎಡಗೈಯ ಮೇಲೆ ತಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡು, ಬಲಗೈಯಲ್ಲಿ ಕಾಫಿಯ ಲೋಟಗಳನ್ನು ಹಿಡಿದು, ಆರು ಮೇಜಿನವರ ಕೂಗಿಗೂ ಓಗೊಡುವವನೇ ಸರ್ವರು. ಈಚೆಗೆ ಆ ಶಬ್ದವು ಪಡಿತರದ ಅಂಗಡಿಗೂ ಕಚೇರಿಗೂ ಪ್ರವೇಶಿಸಿ, “ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ” ಎಂಬ ವಾಕ್ಯದಲ್ಲಿ ನೆಲೆಸಿರುವುದು. ಈ ಎರಡು ಅರ್ಥಗಳಿಗೂ ಸಂಬಂಧವಿಲ್ಲವೆಂದು ವಾಚಕರು ಭಾವಿಸಬಾರದು. ಅನೇಕರು ಏಕಕಾಲದಲ್ಲಿ ಬೇಡಿದುದನ್ನು, ಒಬ್ಬರದನ್ನು ಮತ್ತೊಬ್ಬರ ಮುಂದಿಡದೆ, ಹಗಲಿರುಳೂ ಒದಗಿಸತಕ್ಕ ಗಣಕಯಂತ್ರಕ್ಕೆ ಸರ್ವರ್ ಎಂದು ಹೆಸರು. ಸಂಸ್ಕೃತದಲ್ಲಿ ಪರಿಚಾರಕನೆನ್ನಬಹುದು, ಆದರೆ ಈ ಪರಿಚಾರಕನ ಮಿದುಳೊಂದರ ಬೆಲೆಯೇ ಯಜಮಾನನ ಕಾರಿನ ಬೆಲೆಯನ್ನು ಮೀರುವುದುಂಟು. 2024ರ ಅಕ್ಟೋಬರಿನಲ್ಲಿ ಎ.ಎಂ.ಡಿ. ಕಂಪನಿಯವರು ಹೊರತಂದ ಎಪಿಕ್ 9965 ಎಂಬ ಪ್ರೊಸೆಸರಿನಲ್ಲಿ 192 ಕೋರುಗಳಿರುವುವು. ಬಿಡುಗಡೆಯ ಬೆಲೆಯು 14,813 ಡಾಲರು.

ಇಂತಹ ವಸ್ತುವಿಗೂ ಗೃಹಸ್ಥರಿಗೂ ಏನು ಸಂಬಂಧವೆಂದು ಕೇಳುವವರಿಗೆ, ಬಸವೇಶ್ವರನಗರದ ಗೃಹಸ್ಥರೊಬ್ಬರು ನಮಗೆ ಬರೆದಿರುವ ಪತ್ರವೇ ಉತ್ತರ. ಅವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿರತಕ್ಕವರು. ಚೀಟಿ ಎತ್ತಿ ಬಂದ 45,000 ರೂಪಾಯಿ ಅವರ ಕೈಯಲ್ಲಿದೆ. ಮಗನು ಇಂಜಿನಿಯರಿಂಗಿನ ಕಡೆಯ ವರ್ಷದಲ್ಲಿರುವನು. ಮಗಳು ಈ ವರ್ಷ ಕೆಂಗೇರಿಯ ಕಡೆಯ ಕಾಲೇಜೊಂದನ್ನು ಸೇರಿರುವಳು. ಇಬ್ಬರಿಗೂ ಕೂಡಿ ಒಂದೇ ಯಂತ್ರ. ಮಗಳು ಲ್ಯಾಪ್‌ಟಾಪು ಬೇಕೆನ್ನುವಳು. ಮಗನಾದರೋ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ ಬಂದು, ಹಳೆಯ ಸರ್ವರಿನಿಂದ ಬಿಚ್ಚಿದ ಪ್ರೊಸೆಸರನ್ನು ಕೂರಿಸಿದ ಪೆಟ್ಟಿಗೆಯು 28,000ಕ್ಕೆ ದೊರೆಯುವುದೆಂದೂ, ಅದರಲ್ಲಿ 14 ಕೋರುಗಳಿರುವುವೆಂದೂ, 45,000 ಕೊಟ್ಟು ತರುವ ಲ್ಯಾಪ್‌ಟಾಪಿನಲ್ಲಿ 12 ಮಾತ್ರವೆಂದೂ, ಹೀಗಿರಲು ಚರ್ಚೆಯೇ ಏತಕ್ಕೆಂದೂ ವಾದಿಸುವನು. “ಇವರಿಬ್ಬರ ಮಾತಿನಲ್ಲಿ ಅರ್ಧವೂ ನನಗೆ ತಿಳಿಯದು; ಹಣ ಮಾತ್ರ ನನ್ನದು” ಎಂದು ತಂದೆಯು ಪತ್ರವನ್ನು ಮುಗಿಸಿರುವರು.

ಮೊದಲು ಕೋರು ಎಂದರೇನೆಂಬುದನ್ನು ತಿಳಿಯಬೇಕು. ಛತ್ರದ ಪಾಕಶಾಲೆಯನ್ನು ನೆನೆಯಿರಿ. ಅಲ್ಲಿ ಹದಿನಾಲ್ಕು ಮಂದಿ ಅಡಿಗೆಯವರು, ಹದಿನಾಲ್ಕು ಒಲೆಗಳು. ಸಾವಿರ ಎಲೆಯ ಊಟವು ಹೊತ್ತಿಗೆ ಸರಿಯಾಗಿ ಸಿದ್ಧವಾಗುವುದು. ಆದರೆ ಅಲ್ಲಿಗೆ ಒಬ್ಬನೇ ಅತಿಥಿ ಬಂದು ಒಂದು ದೋಸೆಯನ್ನು ಕೇಳಿದರೆ, ಹದಿನಾಲ್ವರು ಸೇರಿ ಆ ದೋಸೆಯನ್ನು ಹದಿನಾಲ್ಕು ಪಾಲು ಬೇಗ ಬೇಯಿಸಲಾರರು. ಒಬ್ಬನು ಹುಯ್ಯುವನು, ಹದಿಮೂವರು ನೋಡುವರು. ಕೋರುಗಳೆಂದರೆ ಈ ಅಡಿಗೆಯವರೇ. ಕೆಲಸವನ್ನು ಪಾಲು ಹಂಚಿಕೊಡಲು ಸಾಧ್ಯವಿದ್ದರೆ ಮಾತ್ರ ಅವರ ಸಂಖ್ಯೆಗೆ ಬೆಲೆಯುಂಟು. ಪಾಠದ ಟಿಪ್ಪಣಿಯನ್ನು ಬರೆಯುವುದು, ಜಾಲಪುಟವನ್ನು ತೆರೆಯುವುದು, ವಿದ್ಯಾರ್ಥಿಯ ಚಿಕ್ಕ ಪ್ರೋಗ್ರಾಮನ್ನು ಓಡಿಸುವುದು ಮೊದಲಾದುವೆಲ್ಲ ಬಹುಮಟ್ಟಿಗೆ ಒಂದೇ ದೋಸೆಯ ಕೆಲಸಗಳು.

ಕೋರಿನ ಜೊತೆಗೆ ಥ್ರೆಡ್, ಅಂದರೆ ಎಳೆ, ಎಂಬ ಮಾತೂ ಕೇಳಿಬರುವುದು. ಅಷ್ಟಾವಧಾನವನ್ನು ನೋಡಿದವರಿಗೆ ಇದು ಸುಲಭ. ಒಬ್ಬ ಪೃಚ್ಛಕನು ಪ್ರಶ್ನೆಯನ್ನು ಹೇಳಿ ಮುಗಿಸುವುದರೊಳಗೆ ಅವಧಾನಿಯು ಮತ್ತೊಬ್ಬನ ಸಮಸ್ಯೆಗೆ ಪಾದವೊಂದನ್ನು ಕಟ್ಟಿಬಿಡುವನು. ಹಾಗೆಯೇ ಒಂದು ಕೋರು ಒಂದೆಳೆಗೆ ಬೇಕಾದ ಅಂಕಿಯು ಮೆಮೊರಿಯಿಂದ ಬರುವವರೆಗೆ ಸುಮ್ಮನಿರದೆ ಇನ್ನೊಂದೆಳೆಯ ಕೆಲಸವನ್ನು ಮಾಡುವುದು. ಅವಧಾನಿಯು ಎರಡನ್ನು ನಿರ್ವಹಿಸಿದ ಮಾತ್ರಕ್ಕೆ ಇಬ್ಬರು ಅವಧಾನಿಗಳಾಗರಷ್ಟೆ. 28 ಥ್ರೆಡ್ ಎಂದು ಅಂಗಡಿಯವನು ಹೇಳಿದರೆ 28 ಕೋರೆಂದು ಎಣಿಸಬಾರದು.

ಸರ್ವರ್ ಜಾತಿಯ ಪ್ರೊಸೆಸರಿಗೆ ನಮ್ಮ ನಗರವೇ ಒಂದು ಸಾರಿ ತವರುಮನೆಯಾಗಿತ್ತೆಂಬುದನ್ನು ಇಲ್ಲಿ ಹೇಳದೆ ಮುಂದುವರಿಯಲು ಮನಸ್ಸಾಗದು. 2008ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಇಂಟೆಲ್ ಕಂಪನಿಯವರು ಹೊರತಂದ ಜಿಯಾನ್ 7400 ಶ್ರೇಣಿಯು, ಡನಿಂಗ್ಟನ್ ಎಂಬ ಒಳಹೆಸರಿನದು, ಬೆಂಗಳೂರಿನ ಇಂಜಿನಿಯರುಗಳ ವಿನ್ಯಾಸ. ಒಂದು ಬಿಲ್ಲೆಯಲ್ಲಿ 6 ಕೋರುಗಳು, 190 ಕೋಟಿ ಟ್ರಾನ್ಸಿಸ್ಟರುಗಳು. ರಾಜಾಜಿನಗರಕ್ಕೆ ದೂರವಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಎಂಬ ಮಹಾಗಣಕದಲ್ಲಿಯೂ ಜಿಯಾನ್ ವಂಶದ ಪ್ರೊಸೆಸರುಗಳೇ ಇರುವುವು. ಅದರ ಸಾಮರ್ಥ್ಯವು 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಗಣನೆ. ಮಗನು ಈ ವಂಶದ ಹೆಸರಿಗೆ ಮರುಳಾದುದು ಆಶ್ಚರ್ಯವಲ್ಲ.

ಅವನು ನೋಡಿ ಬಂದಿರುವುದು ಜಿಯಾನ್ ಇ5-2680 ವಿ4 ಎಂಬುದು, 2016ರಲ್ಲಿ ಹೊರಬಂದುದು. 14 ಕೋರು, 35 ಮೆಗಾಬೈಟಿನ ಒಳನೆನಪು, ಹೆಚ್ಚೆಂದರೆ ಸೆಕೆಂಡಿಗೆ 330 ಕೋಟಿ ಬಡಿತ, 120 ವಾಟಿನ ಶಾಖ. ಅಂದು 1,745 ಡಾಲರಿಗೆ ಮಾರುತ್ತಿದ್ದ ಈ ಬಿಲ್ಲೆಯು ಇಂದು ಕೆಲವೇ ಸಾವಿರ ರೂಪಾಯಿಗೆ ದೊರೆಯಲು ಕಾರಣವೇನೆಂದರೆ, ದೊಡ್ಡ ದತ್ತಾಂಶ ಕೇಂದ್ರದವರು ಕೆಲವು ವರ್ಷಗಳಿಗೊಮ್ಮೆ ತಮ್ಮ ಸರ್ವರುಗಳನ್ನು ರಾಶಿರಾಶಿಯಾಗಿ ಬದಲಿಸುವರು. ಬಿಲ್ಲೆಯು ಕೆಟ್ಟಿತೆಂದಲ್ಲ, ಅದು ಕುಡಿಯುವ ವಿದ್ಯುತ್ತಿಗೆ ತಕ್ಕಷ್ಟು ಕೆಲಸ ಕೊಡದೆಂದು. ವಾಚಕರು ಈ ಕಾರಣವನ್ನು ನೆನಪಿನಲ್ಲಿಡಬೇಕು. ಲಕ್ಷಾಂತರ ಯಂತ್ರಗಳ ಲೆಕ್ಕವನ್ನು ಬಲ್ಲ ವ್ಯಾಪಾರಿಯು ಖರ್ಚಿಗೆ ಅಂಜಿ ಬಿಟ್ಟುದನ್ನು ನಾವು ಅಗ್ಗವೆಂದು ಮನೆಗೆ ತರುತ್ತಿರುವೆವು.

ಲ್ಯಾಪ್‌ಟಾಪಿನಲ್ಲಿರುವುದು ಕೋರ್ ಐ5-1240ಪಿ, 2022ರದು. ಅದರ 12 ಕೋರುಗಳು ಸಮಾನವಲ್ಲ. 4 ದೊಡ್ಡವು, 8 ಚಿಕ್ಕವು. ಬಡಿತವು 440 ಕೋಟಿಯವರೆಗೆ ಏರುವುದು. ಆರು ವರ್ಷಗಳ ಅಂತರದಲ್ಲಿ ಒಂದೊಂದು ಬಡಿತದಲ್ಲಿ ನಡೆಯುವ ಕೆಲಸವೂ ಹೆಚ್ಚಿರುವುದರಿಂದ, ಒಂದೇ ದೋಸೆಯ ಕೆಲಸದಲ್ಲಿ ಇದು ಹಳೆಯ ಜಿಯಾನಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಚುರುಕು. ಎಲ್ಲ ಕೋರುಗಳನ್ನೂ ಕೂಡಿಯೇ ದುಡಿಸಿದರೂ ಅಲ್ಪಕಾಲದ ಓಟದಲ್ಲಿ ಎರಡೂ ಹೆಚ್ಚು ಕಡಮೆ ಸಮನಾಗಿ ನಿಲ್ಲುವುವು. 120 ವಾಟಿನ 14ಕ್ಕೆ 28 ವಾಟಿನ 12 ಸರಿದೂಗುವುದೆಂದಮೇಲೆ, ಕೋರನ್ನು ಎಣಿಸಿ ಬೆಲೆ ಕಟ್ಟುವುದು ಅಕ್ಷರವನ್ನೆಣಿಸಿ ಕಾವ್ಯಕ್ಕೆ ಬೆಲೆ ಕಟ್ಟಿದಂತಲ್ಲವೆ?

ಆದರೆ ಮಗನ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ. ಲ್ಯಾಪ್‌ಟಾಪು ತೆಳ್ಳನೆಯ ದೇಹ. 64 ವಾಟಿನವರೆಗೆ ಸ್ವಲ್ಪ ಹೊತ್ತು ಏರಿ, ಬಿಸಿಯಾದೊಡನೆ ಇಳಿದುಬಿಡುವುದು. ಸಂಜೆ ಹಚ್ಚಿ ಬೆಳಗಿನವರೆಗೆ ನಡೆಯುವ ಗಣನೆಯಲ್ಲಿ ಹಳೆಯ ಜಿಯಾನು ಎತ್ತಿನಂತೆ ಒಂದೇ ನಡಿಗೆಯಲ್ಲಿ ಸಾಗುವುದು. ಅದಕ್ಕೆ ಮೆಮೊರಿಯ ದಾರಿಗಳು ನಾಲ್ಕು, ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಎರಡು. ಮೆಮೊರಿಯಲ್ಲಿ ಒಂದು ಬಿಟ್ಟು ತಪ್ಪಿದರೆ ತಾನೇ ಕಂಡು ತಿದ್ದುವ ಇ.ಸಿ.ಸಿ. ಎಂಬ ಏರ್ಪಾಡನ್ನೂ ಅದು ಬಲ್ಲುದು. ನಮ್ಮ ಹಿರಿಯರು ವೇದವನ್ನು ಪದ, ಕ್ರಮ, ಜಟೆ, ಘನವೆಂದು ಹಿಂದುಮುಂದಾಗಿ ಹೇಳಿ ಅಕ್ಷರ ಜಾರದಂತೆ ಕಾದುಕೊಂಡರಲ್ಲವೆ, ಇದೂ ಆ ಬಗೆಯ ಎಚ್ಚರಿಕೆಯೇ. ಹಣದ ಲೆಕ್ಕವನ್ನಿಡುವ ಬ್ಯಾಂಕಿಗೆ ಇದಿಲ್ಲದೆ ಸಾಗದು. ವಿದ್ಯಾರ್ಥಿಯ ಮೇಜಿಗೆ ಇದು ಅಲಂಕಾರ.

ಇನ್ನು ವಿದ್ಯುತ್ತಿನ ಲೆಕ್ಕ. ಪೆಟ್ಟಿಗೆಯೆಲ್ಲ ಸೇರಿ ಸರಾಸರಿ 100 ವಾಟನ್ನು ಎಳೆಯುವುದೆಂದು ಇಟ್ಟುಕೊಳ್ಳೋಣ. ಹಗಲಿರುಳೂ ಹಚ್ಚಿಟ್ಟರೆ ತಿಂಗಳಿಗೆ 72 ಯೂನಿಟ್ಟು. ದಿನಕ್ಕೆ ಎಂಟು ಗಂಟೆಯಾದರೆ 24. ಲ್ಯಾಪ್‌ಟಾಪು 20 ವಾಟಿನಂತೆ ಎಂಟು ಗಂಟೆ ನಡೆದರೆ ತಿಂಗಳಿಗೆ 5 ಯೂನಿಟ್ಟೂ ಆಗದು. ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ ಕಟ್ಟಿದರೆ, ಎಂಟು ಗಂಟೆಯ ಲೆಕ್ಕದಲ್ಲಿಯೇ ವರ್ಷಕ್ಕೆ ಸುಮಾರು 1,400 ರೂಪಾಯಿಯ ಅಂತರ. ಇದು ಸಹ್ಯವೆನ್ನಬಹುದು. ಸಹ್ಯವಲ್ಲದುದು ಬೇರೆ ಇದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿಯ ಆಧಾರದ ಮೇಲೆ ಗೊತ್ತುಮಾಡಿದ ಮಿತಿಯನ್ನು ಮೀರಿ ಉರಿಸಿದ ಭಾಗಕ್ಕೆ ಹಣ ತೆರಬೇಕು. 200 ಯೂನಿಟ್ಟನ್ನು ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿಯಾಗಿ ತೆರಬೇಕು. 150 ಯೂನಿಟ್ಟಿನೊಳಗೆ ಶೂನ್ಯ ಬಿಲ್ಲನ್ನು ಪಡೆಯುತ್ತಿದ್ದ ಮನೆಯು 72ನ್ನು ಕೂಡಿಸಿಕೊಂಡು 222ಕ್ಕೆ ಏರಿದರೆ, ಒಂದೇ ತಿಂಗಳಿಗೆ 1,300 ರೂಪಾಯಿಗೂ ಮಿಕ್ಕ ಬಿಲ್ಲು ಬರುವುದು. ಪತ್ರದ ತಂದೆಯವರು ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮಗನ ಮುಂದಿಟ್ಟು, ಕೂಡುವ ಕೆಲಸವನ್ನು ಅವನಿಗೇ ಒಪ್ಪಿಸುವುದು ಒಳ್ಳೆಯದು.

28,000 ಎಂಬುದೂ ಪೂರ್ತಿ ಮೊತ್ತವಲ್ಲ. ಆ ಜಿಯಾನಿನಲ್ಲಿ ಚಿತ್ರವನ್ನು ತೋರಿಸುವ ಭಾಗವೇ ಇಲ್ಲದುದರಿಂದ ಗ್ರಾಫಿಕ್ಸ್ ಕಾರ್ಡು ಬೇಕು. ಅಂಗಡಿಯವನು ಅದನ್ನು ಸೇರಿಸಿರುವನೋ ಕೇಳಬೇಕು. ಪರದೆ, ಕೀಲಿಮಣೆ ಬೇರೆ. ಮಳೆಗಾಲದ ಸಂಜೆ ಬಡಾವಣೆಯ ದೀಪ ಆರಿದರೆ ಲ್ಯಾಪ್‌ಟಾಪು ತನ್ನ ಬ್ಯಾಟರಿಯ ಮೇಲೆ ನಡೆಯುವುದು, ಪೆಟ್ಟಿಗೆಯು ಅಲ್ಲಿಯೇ ನಿಲ್ಲುವುದು, ಯು.ಪಿ.ಎಸ್. ತಂದರೆ ಮತ್ತಷ್ಟು ಹಣ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಪೋಷಣೆಯು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಅಂಗೀಕೃತವಾದ ಪ್ರೊಸೆಸರುಗಳ ಪಟ್ಟಿಯಲ್ಲಿ 2016ರ ಈ ಜಿಯಾನು ಸೇರಿಲ್ಲ. ಲಿನಕ್ಸನ್ನು ಬಲ್ಲವನಿಗೆ ಇದು ತೊಡಕಲ್ಲ. ಮಗನು ಬಲ್ಲನು, ಮೊದಲ ವರ್ಷದ ಮಗಳು ಕಲಿಯಬೇಕಷ್ಟೆ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮಗನು ತನ್ನ ವಾದದಲ್ಲಿ ಸೇರಿಸಲೇ ಇಲ್ಲ. ಅವನ ಪೆಟ್ಟಿಗೆಯು ಮನೆಯನ್ನು ಬಿಟ್ಟು ಕದಲದು. ತಂಗಿಯು ದಿನವೂ ಮೆಟ್ರೋದಲ್ಲಿ ಕೆಂಗೇರಿಗೆ ಹೋಗಿಬರುವವಳು; ಅವಳ ಯಂತ್ರವು ಅವಳ ಚೀಲದಲ್ಲಿರಬೇಕು. ಅಣ್ಣನಿಗೆ ಉಳಿದಿರುವುದು ಒಂದು ವರ್ಷ, ಅವಳಿಗೆ ನಾಲ್ಕು. ಆದುದರಿಂದ ಈ ಹಣದಲ್ಲಿ ಲ್ಯಾಪ್‌ಟಾಪನ್ನೇ ಕೊಳ್ಳುವುದು ಯುಕ್ತವೆಂದು ನಮ್ಮ ಅಭಿಪ್ರಾಯ; ಹಗಲು ಅವಳಿಗೆ, ಅವಳ ಓದು ಮುಗಿದ ಬಳಿಕ ರಾತ್ರಿ ಅವನಿಗೆ. ಮನೆಯಲ್ಲಿ ಆಗಲೇ ಒಂದು ಲ್ಯಾಪ್‌ಟಾಪಿದ್ದು, ಎರಡನೆಯ ಯಂತ್ರದ ಮಾತಾಗಿದ್ದರೆ, ಬಿಚ್ಚಿ ಜೋಡಿಸಿ ಕಲಿಯುವ ಸುಖಕ್ಕಾಗಿಯಾದರೂ ನಾವು ಅಣ್ಣನ ಕಡೆಗೆ ವಾಲುತ್ತಿದ್ದೆವು.

ಕೊಳ್ಳುವಾಗ ಐ5, ಐ7 ಎಂಬ ಹೆಸರಿನಿಂದಲೇ ತೃಪ್ತರಾಗಬಾರದು. ಪೂರ್ತಿ ಸಂಖ್ಯೆಯನ್ನು ಬರೆಯಿಸಿಕೊಳ್ಳಬೇಕು. 2020ರ ಐ7-1165ಜಿ7ರಲ್ಲಿ ಕೋರುಗಳು 4 ಮಾತ್ರ. ಹೆಸರು ದೊಡ್ಡದು, ಸಂಸಾರ ಚಿಕ್ಕದು. ಮೆಮೊರಿಯು 16 ಜಿ.ಬಿ. ಇರಲಿ. 8 ಇರುವುದನ್ನು ಕೊಳ್ಳುವುದಾದರೆ ಮುಂದೆ ಸೇರಿಸಲು ಜಾಗವಿದೆಯೇ, ಅಥವಾ ಬೋರ್ಡಿಗೆ ಬೆಸುಗೆ ಹಾಕಿದೆಯೇ ಎಂದು ಕೇಳಬೇಕು.

ಇನ್ನು ಮಗನ ರಾತ್ರಿಯಿಡೀ ನಡೆಯುವ ಗಣನೆ. ಅದಕ್ಕೆ ಮೊದಲು ಕಾಲೇಜಿನ ಪ್ರಯೋಗಶಾಲೆಯನ್ನು ಕೇಳಲಿ. ಅಲ್ಲಿ ದೊರೆಯದಿದ್ದರೆ ಸರ್ವರನ್ನು ಕೊಳ್ಳದೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವ ಏರ್ಪಾಡುಂಟು. ಅಮೆಜಾನಿನವರು 2016ರಿಂದ ಮುಂಬಯಿಯಲ್ಲಿಯೇ ಇಂತಹ ಕೇಂದ್ರವನ್ನು ನಡೆಯಿಸುತ್ತಿರುವರು. ಪ್ರಾಜೆಕ್ಟಿನ ಎರಡು ಮೂರು ರಾತ್ರಿಗಳಿಗೆ 14 ಏಕೆ, 32 ಕೋರುಗಳನ್ನೇ ತೆಗೆದುಕೊಳ್ಳಲಿ. ಕೆಲಸ ಮುಗಿದೊಡನೆ ಆ ಯಂತ್ರವನ್ನು ನಿಲ್ಲಿಸಿದೆಯೇ ಎಂದು ಎರಡು ಸಾರಿ ನೋಡಿಕೊಳ್ಳಬೇಕು. ಮರೆತು ಮಲಗಿದರೆ ಬಾಡಿಗೆಯು ಬೆಳಗಿನವರೆಗೆ ಓಡುತ್ತಲೇ ಇರುವುದು.