ಕಪ್ ನಮ್ದು, ತಂಡ ಯಾರ್ದು?

2025ರ ನವೆಂಬರ್ ಮೊದಲ ವಾರ ಯುನೈಟೆಡ್ ಸ್ಪಿರಿಟ್ಸ್ ಕಂಪನಿ ಷೇರುಪೇಟೆಗೆ ಒಂದು ಪತ್ರ ಕೊಡ್ತು. ಆರ್‌ಸಿಬಿಯನ್ನು ನಡೆಸುವ ತನ್ನ ಅಂಗಸಂಸ್ಥೆಯಲ್ಲಿ ಹಾಕಿರುವ ಬಂಡವಾಳವನ್ನು ಮರುಪರಿಶೀಲನೆ ಮಾಡ್ತಿದ್ದೀವಿ, 2026ರ ಮಾರ್ಚ್ 31ರೊಳಗೆ ಮುಗಿಸ್ತೀವಿ ಅಂತ. ಕಂಪನಿಯ ಮುಖ್ಯಸ್ಥರು ಇನ್ನೊಂದು ಮಾತು ಸೇರಿಸಿದ್ರು: ತಂಡ ಬೆಲೆಬಾಳುವಂಥದ್ದೇ, ಆದರೆ ನಮ್ಮ ಮದ್ಯದ ವ್ಯವಹಾರಕ್ಕೆ ಅದು ಮುಖ್ಯವಾದದ್ದಲ್ಲ. ಕಾರ್ಪೊರೇಟ್ ಭಾಷೆಯ ಹೊಟ್ಟು ತೂರಿದ್ರೆ ಉಳಿಯೋದು ಇಷ್ಟೇ: ಒಳ್ಳೆ ರೇಟ್ ಬಂದ್ರೆ ಕೊಟ್ಟುಬಿಡ್ತೀವಿ.

ಅವತ್ತಿಂದ ಆಫೀಸ್ ಕ್ಯಾಂಟೀನಲ್ಲಿ, ಊರಿನ ಹುಡುಗರ ವಾಟ್ಸಾಪ್ ಗ್ರೂಪಲ್ಲಿ ಒಂದೇ ಚರ್ಚೆ. ಯಾರು ತಗೋತಾರೆ? ಎಷ್ಟಕ್ಕೆ ಹೋಗುತ್ತೆ? ಹೆಸರು ಬದಲಾಗುತ್ತಾ? ಎಲ್ಲಾ ಕೇಳಿದ್ರು. "ನಮ್ಮನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?" ಅಂತ ಮಾತ್ರ ಯಾರೂ ಕೇಳಲಿಲ್ಲ. ಹದಿನೆಂಟು ವರ್ಷ "ನಮ್ದೇ, ನಮ್ದೇ" ಅಂತ ಗಂಟಲು ಹರ್ಕೊಂಡವರಿಗೆ ಆ ಪ್ರಶ್ನೆ ತಲೆಗೇ ಹೊಳೆಯದ ಹಾಗೆ ಮಾಡಿದ್ದಾರಲ್ಲ, ಮಾಲೀಕರ ನಿಜವಾದ ಗೆಲುವು ಅದು.

ಶುರುವಿಂದ ನೋಡೋಣ. 2008ರಲ್ಲಿ ವಿಜಯ್ ಮಲ್ಯ 11.16 ಕೋಟಿ ಡಾಲರ್ ಕೊಟ್ಟು ತಂಡ ತಗೊಂಡ್ರು. ಹೆಸರು ಬಂದದ್ದು ಅವರದೇ ವಿಸ್ಕಿ ಬ್ರ್ಯಾಂಡಿಂದ. ಮದ್ಯದ ಜಾಹೀರಾತನ್ನು ಟೀವಿಯಲ್ಲಿ ನೇರವಾಗಿ ಹಾಕೋ ಹಾಗಿಲ್ಲ, ತಂಡಕ್ಕೆ ಆ ಹೆಸರಿಟ್ಟರೆ ಕಾಮೆಂಟೇಟರ್‌ಗಳೇ ದಿನಕ್ಕೆ ನೂರು ಸಲ ಹೇಳ್ತಾರೆ. ಕಾಲದ ಆಟ ನೋಡಿ. 2007ರ ಜುಲೈ 1ರಂದು ನಮ್ಮ ರಾಜ್ಯದಲ್ಲಿ ಸಾರಾಯಿ ಬಂದ್ ಆಯ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹಳ್ಳಿಗಳ ಹೆಂಗಸರು "ಪೀಡೆ ತೊಲಗ್ತು" ಅಂತ ನಿಟ್ಟುಸಿರು ಬಿಟ್ಟು ವರ್ಷ ತುಂಬೋ ಮೊದಲೇ ಅವರ ಮಕ್ಕಳು ಎದೆ ಮೇಲೆ ವಿಸ್ಕಿ ಹೆಸರು ಹಾಕ್ಕೊಂಡು ಓಡಾಡೋಕೆ ಶುರು ಮಾಡಿದ್ರು. ದುಡ್ಡು ಕೊಟ್ಟು ಜಾಹೀರಾತಿನ ಬೋರ್ಡ್ ಆದವರು ನಾವೇ ಇರಬೇಕು.

2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊಟ್ಟಮೊದಲ ಪಂದ್ಯ, ಚಿನ್ನಸ್ವಾಮಿಯಲ್ಲಿ. ಮೆಕಲಮ್ ಒಬ್ಬನೇ 158, ನಮ್ಮ ಇಡೀ ತಂಡ 82. ಆ ಸೀಸನ್ ಎಂಟರಲ್ಲಿ ಏಳನೇ ಸ್ಥಾನ. ಸೋಲೋದು ಆಟದಲ್ಲಿ ಇದ್ದದ್ದೇ. ಮಾಲೀಕರು ಏನು ಮಾಡಿದ್ರು? ಸೀಸನ್ ಮುಗಿಯೋ ಮೊದಲೇ ಸಿಇಓ ಚಾರು ಶರ್ಮಾರನ್ನು ಮನೆಗೆ ಕಳಿಸಿದ್ರು. ತಂಡದ ಆಯ್ಕೆ ಸರಿಯಿಲ್ಲ ಅಂತ ರಾಹುಲ್ ದ್ರಾವಿಡ್‌ರನ್ನು ಬಹಿರಂಗವಾಗಿ ದೂರಿದ್ರು. ದ್ರಾವಿಡ್‌ರನ್ನು! ಕರ್ನಾಟಕದ ಅರ್ಧ ಮನೆಗಳಲ್ಲಿ "ಅವನ ಥರ ಇರೋದು ಕಲಿ" ಅಂತ ಮಕ್ಕಳಿಗೆ ತೋರಿಸ್ತಿದ್ದ ಮನುಷ್ಯನನ್ನು. ಈ ತಂಡದಲ್ಲಿ ಯಾರ ಮಾತು ನಡೆಯುತ್ತೆ ಅನ್ನೋದು ಮೊದಲ ವರ್ಷವೇ ಗೊತ್ತಾಗಿತ್ತು.

ಆಮೇಲಿನ ಕತೆ ಗೊತ್ತಿರೋದೇ. ಕಿಂಗ್‌ಫಿಷರ್ ಏರ್‌ಲೈನ್ಸ್ 2012ರಲ್ಲಿ ನೆಲ ಕಚ್ತು, ನೌಕರರು ಸಂಬಳಕ್ಕಾಗಿ ಬೀದಿಗೆ ಬಂದ್ರು. ಯುನೈಟೆಡ್ ಸ್ಪಿರಿಟ್ಸ್ ಲಂಡನ್ನಿನ ಡಿಯಾಜಿಯೊ ಕೈಗೆ ಹೋಯ್ತು, ತಂಡವೂ ಅದರ ಜೊತೆ ಹೋಯ್ತು. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ರು. ಒಬ್ಬ ದೊರೆ ಹೋಗಿ ಒಂದು ಬೋರ್ಡ್ ರೂಮ್ ಬಂತು. ಮೊದಲಾದ್ರೆ ಬೈಯೋಕೆ ಒಂದು ಮುಖ ಇತ್ತು, ಈಗ ಅದೂ ಇಲ್ಲ.

ಈ ಬೋರ್ಡ್ ರೂಮಿಗೆ ನಮ್ಮ ಬಗ್ಗೆ ಎಷ್ಟು ಗೊತ್ತು? "ಬ್ಯಾಂಗಲೋರ್" ಹೋಗಿ "ಬೆಂಗಳೂರು" ಆಗೋಕೆ 2024ರ ಮಾರ್ಚ್ ಬರಬೇಕಾಯ್ತು, ಹದಿನಾರು ವರ್ಷ. ಅದೇ ವರ್ಷದ ಹರಾಜಿನಲ್ಲಿ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿಗೆ ಹೋದ್ರು. ಅದೇ ನವೆಂಬರ್‌ನಲ್ಲಿ ಆರ್‌ಸಿಬಿ ಹಿಂದಿಯಲ್ಲೊಂದು ಖಾತೆ ತೆರೆದು ಬೈಸಿಕೊಳ್ತು. ಮುಂದಿನ ಏಪ್ರಿಲ್ 10ಕ್ಕೆ ಅದೇ ರಾಹುಲ್ ಚಿನ್ನಸ್ವಾಮಿಗೆ ಬಂದು ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ಗೆರೆ ಹಾಕಿ "ಇದು ನನ್ನ ಜಾಗ" ಅಂತ ತೋರಿಸಿದಾಗ ಸೋತ ತಂಡದ ಅಭಿಮಾನಿಗಳಿಗೂ ಒಳಗೊಳಗೆ ಖುಷಿಯಾಯ್ತಲ್ಲ, ಯಾಕೆ? ಜಾಗ ಯಾರದ್ದು ಅನ್ನೋದರ ಬಗ್ಗೆ ಅವನಿಗೆ ಅನುಮಾನ ಇರಲಿಲ್ಲ, ಅದಕ್ಕೆ.

ಇಷ್ಟೂ ಸಹಿಸ್ಕೊಂಡು ಹೋಗಬಹುದಿತ್ತು. ಜೂನ್ 4 ಸಹಿಸೋಕಾಗಲ್ಲ.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ 6 ರನ್ನಿನಿಂದ ಗೆದ್ರು. ಮೂರು ಫೈನಲ್ ಸೋತ ಮೇಲೆ ಪುರುಷರ ತಂಡಕ್ಕೆ ಮೊದಲ ಕಪ್. ಮಾರನೇ ದಿನ ಬೆಳಿಗ್ಗೆಯೇ ತಂಡದ ಸೋಷಿಯಲ್ ಮೀಡಿಯಾ ಖಾತೆಗಳು ವಿಕ್ಟರಿ ಪರೇಡ್‌ಗೆ ಬನ್ನಿ ಅಂತ ಕರೆದವು. ಮೂವತ್ತು-ಮೂವತ್ತೈದು ಸಾವಿರ ಜನ ಹಿಡಿಸೋ ಸ್ಟೇಡಿಯಂ ಸುತ್ತ ಲಕ್ಷಗಟ್ಟಲೆ ಜನ. ಗೇಟಿನ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ರು. ಬಹುತೇಕರು ಮೂವತ್ತರೊಳಗಿನವರು. ಹೊರಗೆ ಹೆಣ ಎತ್ತುತ್ತಿರುವಾಗ ಒಳಗೆ ಸಂಭ್ರಮ ನಡೀತು.

ತಪ್ಪು ಒಬ್ಬರದ್ದೇ ಅಲ್ಲ. ವಿಧಾನಸೌಧದ ಮೆಟ್ಟಿಲ ಮೇಲೆ ಫೋಟೋಗೆ ನಿಂತ ಸರ್ಕಾರ ಇದೆ, ಪೊಲೀಸರಿದ್ದಾರೆ, ಕೆಎಸ್‌ಸಿಎ ಇದೆ. ಆದರೆ ಕೇಂದ್ರೀಯ ಆಡಳಿತ ನ್ಯಾಯಮಂಡಳಿ ಜುಲೈ 1ರ ಆದೇಶದಲ್ಲಿ, ಮೂರರಿಂದ ಐದು ಲಕ್ಷ ಜನ ಸೇರೋಕೆ ಮೇಲ್ನೋಟಕ್ಕೆ ಆರ್‌ಸಿಬಿಯೇ ಕಾರಣ, ಪೊಲೀಸರ ಅನುಮತಿ ಪಡೆಯದೆ ಜನರನ್ನು ಕರೆದಿದೆ ಅಂತ ಹೇಳ್ತು. ನಮ್ಮ ಮಾತು ಕೇಳದೆ ಹೀಗೆ ಹೇಳಿದ್ದಾರೆ ಅಂತ ಆರ್‌ಸಿಬಿ ಹೈಕೋರ್ಟಿಗೆ ಹೋಯ್ತು. ಹೋಗಲಿ, ಅದು ಅವರ ಹಕ್ಕು. ಕೋರ್ಟ್ ಮುಂದೆ ಮಾತಾಡೋಕೆ ಬಾಯಿ ಇತ್ತಲ್ಲ, ನಮ್ಮ ಮುಂದೆ ಯಾಕಿರಲಿಲ್ಲ? ಘಟನೆಯ ಮಾರನೇ ದಿನ ಸತ್ತವರ ಕುಟುಂಬಕ್ಕೆ ತಲಾ 10 ಲಕ್ಷ ಅಂತ ಘೋಷಿಸಿ ಖಾತೆಗಳು ಮೌನವಾದವು. ಹೆಚ್ಚೂಕಮ್ಮಿ ಮೂರು ತಿಂಗಳು. ಆಗಸ್ಟ್ ಕೊನೆಗೆ ಬಾಯಿ ತೆರೆದು, ಮೊತ್ತವನ್ನು 25 ಲಕ್ಷ ಮಾಡಿದ್ರು. ದುಡ್ಡು ಕೊಟ್ಟದ್ದು ಸರಿ. ಆದರೆ ಆ ಪೋಸ್ಟ್ ಹಾಕೋ ತೀರ್ಮಾನ ಯಾರದ್ದು, ಗೇಟಿನ ಲೆಕ್ಕ ಇಟ್ಟವರು ಯಾರು ಅಂತ ಅಭಿಮಾನಿಗಳ ಮುಂದೆ ನಿಂತು ಹೇಳಿದ ಮಾಲೀಕರನ್ನು ನಾನಂತೂ ಕಾಣಲಿಲ್ಲ. ಅಷ್ಟರಲ್ಲಿ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿಂದ ನವಿ ಮುಂಬೈಗೆ ಹೋಗಿಯಾಗಿತ್ತು. ಹನ್ನೊಂದು ಜೀವ ಹೋಯ್ತು, ಊರಿನ ಕ್ರಿಕೆಟ್ಟೂ ಹೋಯ್ತು, ಕೊನೆಗೆ ನವೆಂಬರಲ್ಲಿ "ಇದು ನಮಗೆ ಮುಖ್ಯವಾದದ್ದಲ್ಲ" ಅನ್ನೋ ಪತ್ರ ಬಂತು.

ನಮ್ಮ ಕಡೆ ಜಾತ್ರೆಗಳಲ್ಲೂ ಜನ ಸೇರ್ತಾರೆ. ತೇರು ಎಳೆಯೋದು ಇಡೀ ಊರು. ಆದರೆ ಹಗ್ಗ ಹಿಡಿಯೋರು ಯಾರು, ಮುಂದೆ ಜನ ಸರಿಸೋರು ಯಾರು ಅಂತ ಮೊದಲೇ ಗೊತ್ತು. ಚಕ್ರ ದಿಕ್ಕು ತಪ್ಪಿದ್ರೆ ಅಡ್ಡ ಮರದ ತುಂಡು ಕೊಡೋಕೆ ಅಂತಲೇ ಪಳಗಿದವರು ಪಕ್ಕದಲ್ಲಿ ನಡೀತಿರ್ತಾರೆ. ಏನಾದ್ರೂ ಆದ್ರೆ ಜಾತ್ರೆ ಕಮಿಟಿಯವರು ಊರು ಬಿಟ್ಟು ಓಡೋ ಹಾಗಿಲ್ಲ, ನಾಳೆ ಅದೇ ಅರಳಿಕಟ್ಟೆ ಮುಂದೆ ಹಾದು ಹೋಗಬೇಕು. ಸಾವಿರಾರು ಕೋಟಿ ಬೆಲೆಯ ತಂಡಕ್ಕೆ ತೇರು ಎಳೆಸೋದು ಗೊತ್ತಿತ್ತು, ಚಕ್ರಕ್ಕೆ ಅಡ್ಡ ಕೊಡೋರನ್ನು ನೇಮಿಸೋದು ಗೊತ್ತಿರಲಿಲ್ಲ.

ಇಲ್ಲಿ ಗೆಳೆಯರು ಒಂದು ಮಾತು ಹೇಳ್ತಾರೆ: "ಮಗಾ, ಅದು ಪ್ರೈವೇಟ್ ಕಂಪನಿ. ಇಷ್ಟ ಇದ್ರೆ ನೋಡು, ಇಲ್ಲಾಂದ್ರೆ ಚಾನೆಲ್ ಚೇಂಜ್ ಮಾಡು." ಸರಿ, ಒಪ್ಪಿದೆ. ಹಾಗಿದ್ರೆ ಊರಿನ ಹೆಸರು ಯಾಕೆ ಇಟ್ಕೊಂಡ್ರಿ? ಕನ್ನಡದ ಘೋಷಣೆ ಯಾಕೆ ಮಾರ್ತೀರಿ? ಅಭಿಮಾನಿಗಳೇ 12ನೇ ಆಟಗಾರ ಅಂತ ಯಾಕೆ ಹೊಗಳ್ತೀರಿ? ಪ್ರೀತಿ ಬೇಕಾದಾಗ ನಾವು ಕುಟುಂಬ, ಉತ್ತರ ಕೇಳಿದಾಗ ನಾವು ಗಿರಾಕಿ. ನಾನಿರೋ ಕೆಲಸದಲ್ಲಿ ಇದಕ್ಕೊಂದು ಹೆಸರಿದೆ. ಸ್ಲೈಡ್ ಮೇಲೆ "ಕಮ್ಯುನಿಟಿ" ಅಂತ ಬರೀತೀವಿ, ಡ್ಯಾಶ್‌ಬೋರ್ಡಲ್ಲಿ ಅದೇ ಜನ "ಆ್ಯಕ್ಟಿವ್ ಯೂಸರ್ಸ್". ಕಂಪನಿ ಮಾರಾಟ ಆಗುವಾಗ ಬೆಲೆ ಕಟ್ಟೋದು ಆ ಸಂಖ್ಯೆಗೆ. ಆರ್‌ಸಿಬಿಗೆ ಈಗ ಸಿಗೋ ಬೆಲೆಯಲ್ಲಿ ಕಪ್ಪಿನ ಪಾಲು ಸ್ವಲ್ಪ, ಕಪ್ಪಿಲ್ಲದೆ ಹದಿನೇಳು ಸೀಸನ್ ಬಿಡದೆ ನಿಂತವರ ಪಾಲು ಬಹಳ. ಅಂದ್ರೆ ಮಾರಾಟಕ್ಕಿರೋದು ನಮ್ಮ ತಾಳ್ಮೆ.

ನಮ್ಮ ಅಪ್ಪಂದಿರು ಇಷ್ಟು ಮುಗ್ಧರಲ್ಲ. ಹಳ್ಳಿ ಡೇರಿಗೆ ಹಾಲು ಹಾಕೋ ರೈತ ಅದರ ಸದಸ್ಯ, ಷೇರು ಇದೆ, ವೋಟು ಇದೆ. ವಾರ್ಷಿಕ ಸಭೆಯಲ್ಲಿ ಬೋನಸ್ ಕಮ್ಮಿ ಬಂದ್ರೆ ಸೆಕ್ರೆಟರಿ ಬೆವರಬೇಕು. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಅಂತಿದ್ದಾಗ ಮಾರ್ಕೆಟ್ ರೇಟು ಅದಕ್ಕಿಂತ ಎಷ್ಟೋ ಕೆಳಗೆ ಬಿತ್ತು. ತಿಪಟೂರಲ್ಲಿ ರೈತರು ಧರಣಿ ಕೂತ್ರು, ಕೇಳಿದ್ರು. ಊರಿನ ಟೆನ್ನಿಸ್ ಬಾಲ್ ಟೀಮಿನಲ್ಲೂ ಚಂದಾ ದುಡ್ಡಲ್ಲಿ ಎಷ್ಟು ಬಾಲ್ ಬಂತು ಅಂತ ಲೆಕ್ಕ ಒಪ್ಪಿಸಬೇಕು. ಅಂಥ ಮನೆಗಳಿಂದ ಬಂದ ನಾವು, ಬಿಇ ಓದಿ, ಎಕ್ಸೆಲ್ ಶೀಟಲ್ಲಿ ಸೆಲ್ ಸೆಲ್ ಹುಡುಕಿ ತಪ್ಪು ಹಿಡಿಯೋ ನಾವು, ಅತಿ ಪ್ರೀತಿಯ ವಸ್ತುವಿನ ಬಗ್ಗೆ ಒಂದು ಲೆಕ್ಕವನ್ನೂ ಕೇಳಲ್ಲ. "ಲಾಯಲ್" ಅಂತ ನಮಗೆ ನಾವೇ ಸರ್ಟಿಫಿಕೇಟ್ ಕೊಟ್ಕೋತೀವಿ.

ಕೇಳಿದ್ರೆ ಏನಾಗುತ್ತೆ ಅನ್ನೋದಕ್ಕೆ ಫುಟ್‌ಬಾಲ್ ಕಡೆ ನೋಡಿ. 2005ರಲ್ಲಿ ಗ್ಲೇಜರ್ ಕುಟುಂಬ ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡು, ಕೊಳ್ಳೋಕೆ ಮಾಡಿದ ಸಾಲದ ದೊಡ್ಡ ಪಾಲನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ಸಿಟ್ಟಾದ ಒಂದಿಷ್ಟು ಅಭಿಮಾನಿಗಳು ಅದೇ ವರ್ಷ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅಂತ ತಮ್ಮದೇ ಕ್ಲಬ್ ಕಟ್ಟಿದ್ರು, ಸದಸ್ಯರೇ ಮಾಲೀಕರು. 2021ರ ಏಪ್ರಿಲ್‌ನಲ್ಲಿ ಹನ್ನೆರಡು ದೊಡ್ಡ ಕ್ಲಬ್ಬುಗಳ ಮಾಲೀಕರು ಸೂಪರ್ ಲೀಗ್ ಅಂತ ಹೊರಟಾಗ ಇಂಗ್ಲೆಂಡಿನ ಅಭಿಮಾನಿಗಳು ಬೀದಿಗಿಳಿದ್ರು, ಎರಡೇ ದಿನದಲ್ಲಿ ಅಲ್ಲಿನ ಆರೂ ಕ್ಲಬ್ ಹಿಂದೆ ಸರಿದವು. ಜರ್ಮನಿಯಲ್ಲಿ 50+1 ಅನ್ನೋ ನಿಯಮ ಇದೆ, ಕೆಲವು ವಿನಾಯಿತಿ ಬಿಟ್ರೆ ಕ್ಲಬ್ಬಿನ ಬಹುಮತದ ವೋಟು ಸದಸ್ಯರ ಕೈಯಲ್ಲೇ ಇರಬೇಕು. ಇಂಗ್ಲೆಂಡಿನಲ್ಲಿ 2025ರ ಜುಲೈಯಲ್ಲಿ ಕಾನೂನೇ ಬಂತು. ಮಾಲೀಕರನ್ನು ಪರೀಕ್ಷಿಸೋಕೆ ಸ್ವತಂತ್ರ ನಿಯಂತ್ರಕ, ಅಭಿಮಾನಿಗಳ ಜೊತೆ ಸಮಾಲೋಚನೆ ಕಡ್ಡಾಯ. ಗ್ಲೇಜರ್‌ಗಳು ಪೂರ್ತಿ ಹೋಗಿಲ್ಲ, ನಿಜ. ಆದರೆ ಇಪ್ಪತ್ತು ವರ್ಷ ಬಿಡದೆ ಬೈದದ್ದು ವ್ಯರ್ಥವಾಗಲಿಲ್ಲ.

ನಮ್ಮಲ್ಲಿ ಫ್ರಾಂಚೈಸಿ ಪದ್ಧತಿ, ನಾಳೆಯೇ 50+1 ಬರಲ್ಲ. ಆದರೆ ಕೇಳಬಹುದಾದ್ದು ಬೇಕಾದಷ್ಟಿದೆ. ಹೊಸ ಮಾಲೀಕರು ಯಾರೇ ಆಗಲಿ, ಜೂನ್ 4ರ ಹೊಣೆ ತಂಡದ ಜೊತೆಗೇ ಬರುತ್ತೆ, ಅದನ್ನ ಮೊದಲ ದಿನವೇ ಒಪ್ಪಲಿ. ನೋಂದಾಯಿತ ಅಭಿಮಾನಿ ಸಂಘ ಒಂದಿರಲಿ, ಟಿಕೆಟ್ ದರ, ಸುರಕ್ಷತೆ, ಹೆಸರು, ಭಾಷೆ ಈ ನಾಲ್ಕರಲ್ಲಿ ಅದರ ಮಾತು ಕೇಳೋದು ಕಡ್ಡಾಯವಾಗಲಿ. ಎಷ್ಟು ಟಿಕೆಟ್ ಜನರಿಗೆ, ಎಷ್ಟು ಪಾಸ್ ದೊಡ್ಡವರಿಗೆ ಅನ್ನೋದನ್ನ ಪ್ರತಿ ಪಂದ್ಯಕ್ಕೂ ಪ್ರಕಟಿಸಲಿ. ಚಿನ್ನಸ್ವಾಮಿಯ ಜಾಗ ಸರ್ಕಾರದ್ದು, ಕೆಎಸ್‌ಸಿಎಗೆ ಗುತ್ತಿಗೆಗೆ ಕೊಟ್ಟದ್ದು. ಹಾಗಾಗಿ ಷರತ್ತು ಹಾಕೋ ಅಧಿಕಾರ ಸರ್ಕಾರಕ್ಕಿದೆ. ಫೋಟೋಗೆ ನಿಲ್ಲೋಕೆ ಬಂದ ಉತ್ಸಾಹದಲ್ಲಿ ಅರ್ಧ ತೋರಿಸಿದ್ರೂ ಸಾಕು.

ಅಲ್ಲಿವರೆಗೆ? ತಂಡ ಬಿಡಿ ಅಂತ ನಾನು ಹೇಳಲ್ಲ. ಪಾಟೀದಾರ್ ಚೆನ್ನಾಗಿ ಆಡಿದ್ರೆ ಚಪ್ಪಾಳೆ ಹೊಡೀರಿ, ಸ್ಮೃತಿ ಮಂಧಾನ ಕವರ್ ಡ್ರೈವ್ ಹೊಡೆದ್ರೆ ಎದ್ದು ನಿಲ್ಲಿ. ಆಟಗಾರರ ಮೇಲಿನ ಪ್ರೀತಿಯನ್ನ ಮಾಲೀಕರ ಖಾತೆಗೆ ಜಮಾ ಮಾಡೋದು ಮಾತ್ರ ನಿಲ್ಲಿಸಿ. ಈ ವರ್ಷದ ಹೊಸ ಜೆರ್ಸಿ ಬೇಡ, ಹಳೇದೇ ಸಾಕು. ಅವರ ಪೋಸ್ಟನ್ನ ಸುಮ್ಮನೆ ಶೇರ್ ಮಾಡೋ ಬದಲು, ಪ್ರತಿ ಸಲ ಕೆಳಗೆ ಒಂದೇ ಪ್ರಶ್ನೆ ಬರೀರಿ: ಜೂನ್ 4ಕ್ಕೆ ಯಾರು ಹೊಣೆ?

ನಮ್ಮ ಕಡೆ ಕಾಯನ್ನ ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಇಟ್ಟು, ಆಮೇಲೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡ್ತಾರೆ. ಒಳಗೆ ಕೊಬ್ಬರಿ ಬಿಟ್ಕೊಂಡು ಲೊಡಲೊಡ ಸದ್ದು ಬಂದ್ರೆ ಸುಲೀತಾರೆ, ಬರದಿದ್ರೆ ಮತ್ತೆ ಇಡ್ತಾರೆ. ಕೊಳೆತಿದ್ರೆ ಎಸೀತಾರೆ. ನಂಬಿಕೆ ಇಟ್ಟೇ ಕಾಯೋದು, ಆದರೆ ಅಲ್ಲಾಡಿಸಿ ನೋಡದೆ ಯಾವ ರೈತನೂ ನಂಬಲ್ಲ. ಹದಿನೆಂಟು ವರ್ಷ ಕಾದಿದ್ದೀವಿ. ಹೊಸ ಮಾಲೀಕರು ಬಂದು "ನೀವೇ ನಮ್ಮ ಕುಟುಂಬ" ಅನ್ನೋ ಮೊದಲ ವಿಡಿಯೋ ಬಿಟ್ಟ ದಿನ, ಒಂದ್ಸಲ ಜೋರಾಗಿ ಅಲ್ಲಾಡಿಸಿ ನೋಡಿ.