ರಸೀತಿ ಕೈಗೆ ಬರಲಿ

ಕಳೆದ ಸುಗ್ಗಿಯಲ್ಲಿ ಖಾನಾಪುರ ಕಡೆಯಿಂದ ಅಡಿಕೆ ಮೂಟೆ ತಂದಿದ್ದ ಸದಸ್ಯರೊಡನೆ ನಾವು ಸಾಂಬ್ರಾದ ಒಂದು ಕಚೇರಿಯಲ್ಲಿ ಅರ್ಧ ದಿನ ಕಾಯಬೇಕಾಯಿತು. ತೂಕವಾಗಿತ್ತು, ಲೆಕ್ಕ ಕಂಪ್ಯೂಟರಿಗೆ ಸೇರಿತ್ತು, ರಸೀತಿ ಮಾತ್ರ ಬರಲೊಲ್ಲದು. ತಲೆಯ ಮೇಲೆ ವಿಮಾನ ಹೊತ್ತಿಗೆ ಸರಿಯಾಗಿ ಇಳಿಯಿತು. ಪ್ರಿಂಟರ್ ಹೊಸದು, ಜೋಡಿಸುವವರು ಬೆಳಗಾವಿಯಿಂದ ಬರಬೇಕು ಎಂದರು. ಅವರು ಬಂದದ್ದು ಮರುದಿನ. ಮಾಡಿದ ಕೆಲಸ ಐದು ನಿಮಿಷದ್ದು.

ಪಕ್ಕದಲ್ಲಿ ನಿಂತು ಅದನ್ನು ಬರೆದುಕೊಂಡೆವು. ಅಲ್ಲಿದ್ದುದು ಲಿನಕ್ಸ್, ಅದರಲ್ಲಿ ಮುದ್ರಣದ ಹೊಣೆ 'ಕಪ್ಸ್' ಎಂಬ ವ್ಯವಸ್ಥೆಯದು. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ 'ಎಲ್‌ಪಿಇನ್ಫೋ' ಎಂದು ಬರೆದು, ಮುಂದೆ ಅಡ್ಡಗೆರೆಯೊಡನೆ 'ವಿ' ಹಾಕಿದರೆ ತಂತಿಯ ತುದಿಯಲ್ಲಿರುವ ಪ್ರಿಂಟರಿನ ವಿಳಾಸ ಕಾಣುತ್ತದೆ. ಆ ವಿಳಾಸವನ್ನು 'ಎಲ್‌ಪಿಅಡ್ಮಿನ್' ಆಜ್ಞೆಗೆ ಕೊಟ್ಟು, ಪ್ರಿಂಟರಿಗೊಂದು ಹೆಸರಿಟ್ಟು, ಹೊಂದುವ ಡ್ರೈವರ್ ತಿಳಿಸಬೇಕು. ಕಚೇರಿಯವರು ಇಷ್ಟನ್ನೂ ಮಾಡಿದ್ದರು. ಬಿಟ್ಟದ್ದು ಒಂದೇ ಅಕ್ಷರ, ಹೆಸರಿನ ನಂತರ ಬರಬೇಕಾದ ದೊಡ್ಡ 'ಇ'. ಅದಿಲ್ಲದಿದ್ದರೆ ಪ್ರಿಂಟರ್ ಪಟ್ಟಿಗೆ ಸೇರುತ್ತದೆ, ಕೆಲಸ ಒಪ್ಪಿಕೊಳ್ಳುವುದಿಲ್ಲ. ಸದಸ್ಯತ್ವ ಕೊಟ್ಟು ಮತದ ಹಕ್ಕು ಕೊಡದ ಹಾಗೆ! ಅದೇ ಅಕ್ಷರವನ್ನು ಹೆಸರಿಗಿಂತ ಮೊದಲು ಬರೆದರೆ ಅರ್ಥವೇ ಬೇರೆ.

ಇದು ಗುಮಾಸ್ತರ ಕೆಲಸವಲ್ಲ ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ತಕ್ಕಡಿ ಸರಿಯಿದೆಯೇ ಎಂದು ನೋಡುವುದು ಅವರ ಕೆಲಸವಾದರೆ ಇದೂ ಹೌದು. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಯಂತ್ರ ಬಂದ ಕಡೆ ಅದನ್ನು ನಡೆಸುವ ಕೈಯೂ ಊರಿನದೇ ಆಗಬೇಡವೇ?

ಚೀಟಿಯ ಬೆಲೆ ಕಾಫಿ ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಾಗ ಹಣ ಕಂತುಕಂತಾಗಿ ಬರುತ್ತಿತ್ತು. ಕೊನೆಯ ಕಂತಿನವರೆಗೆ ಚೀಟಿಯನ್ನು ಟ್ರಂಕಿನ ತಳದಲ್ಲಿ ಕಾಯ್ದವರು ನಮ್ಮ ಹಿರಿಯರು. ಈಗ ಕೆಲವೆಡೆ ಕೊಡುವ ನುಣುಪು ಕಾಗದದ ಚೀಟಿ ಶಾಖದಿಂದ ಅಕ್ಷರ ಮೂಡಿಸುವಂಥದ್ದು. ಬಿಸಿಲು ಬಿಸಿಗೆ ಮಾಸಿ ಬಿಳಿ ಕಾಗದವಾಗುತ್ತದೆ. ಸದ್ದು ಮಾಡುವ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೇ ನಮಗೆ ಮೇಲು. ಅದರ ಸೂಜಿ ರಿಬ್ಬನ್ನಿಗೆ ಬಡಿಯುವುದರಿಂದ ಕಾರ್ಬನ್ ಪ್ರತಿ ಏಳುತ್ತದೆ: ಒಂದು ಸದಸ್ಯರಿಗೆ, ಒಂದು ಕಚೇರಿಗೆ.

ಇನ್ನು ಕನ್ನಡದ ಮಾತು. ಇಂಥ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರ ಅಡಕವಾಗಿರುವುದಿಲ್ಲ. ಬರಿಯ ಅಕ್ಷರವಾಗಿ ಕಳಿಸಿದರೆ ಅಡ್ಡಾದಿಡ್ಡಿ ಗುರುತು ಬೀಳುತ್ತವೆ. ಚಿತ್ರವಾಗಿ ಕಳಿಸಿದರೆ ಕನ್ನಡವೂ ಬರುತ್ತದೆ, ಮರಾಠಿಯೂ ಬರುತ್ತದೆ, ತುಸು ನಿಧಾನ. ಆ ನಿಧಾನ ನಮಗೆ ಒಪ್ಪಿಗೆ. ಮುಗಿದುಹೋದ ಅರ್ಧ ದಿನಕ್ಕಿಂತ ಅದು ಹೆಚ್ಚಲ್ಲವಲ್ಲ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಾವು ಕೇಳುವುದು ಎರಡೇ. ಮೇಲಿನ ಆಜ್ಞೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಪ್ರಿಂಟರಿನ ಮೇಲ್ಗೋಡೆಗೆ ಅಂಟಿಸಲಿ. ಪ್ರಿಂಟರ್ ಕೆಟ್ಟ ದಿನ ಕೈಯಲ್ಲಿ ಬರೆದು, ಸಹಿ ಹಾಕಿ, ಮೊಹರು ಒತ್ತಿದ ರಸೀತಿಯನ್ನು ತೂಕದ ಕಟ್ಟೆಯ ಮೇಲೆಯೇ ಕೊಡಲಿ.